ತೋಪಿನ ಮನೆಯ ಗುರುತು

ಕೇಬಲ್ಲಿನ ಒಂದು ತುದಿಯನ್ನು ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸಿದ ಮೇಲೆ ಇನ್ನೊಂದು ತುದಿಯನ್ನು ಕೈಯಲ್ಲೇ ಹಿಡಿದುಕೊಂಡು ಚನ್ನರಾಯಪ್ಪ ಪರದೆಯನ್ನು ನೋಡುತ್ತ ಕೂತುಬಿಟ್ಟ. ಮೇಜಿನ ಮೇಲೆ ಅಂಗೈಯಗಲದ ಜಿಪಿಎಸ್ ಯಂತ್ರ ಬಿದ್ದಿತ್ತು. ಬೆಂಗಳೂರಿಗೆ ರಿಪೇರಿಗೆ ಹೋಗಿ ನಿನ್ನೆ ತಾನೇ ವಾಪಸು ಬಂದಿದ್ದ ಅದರೊಳಗೆ ಈಗ ಒಂದು ಊರೂ ಇರಲಿಲ್ಲ, ಒಂದು ಮನೆಯೂ ಇರಲಿಲ್ಲ. ಕಂಪ್ಯೂಟರಿನಲ್ಲಿ ಉಳಿಸಿಟ್ಟಿದ್ದ ಗುರುತುಗಳನ್ನೆಲ್ಲ ಮತ್ತೆ ಅದಕ್ಕೆ ತುಂಬಬೇಕಾಗಿತ್ತು. ತುಂಬುವ ಮೊದಲು ಉಪಗ್ರಹದ ಚಿತ್ರದ ಮೇಲಿಟ್ಟು ಯಾವುದೂ ಕೆರೆಯೊಳಗೋ ಬಂಡೆಯ ಮೇಲೋ ಹೋಗಿ ಕೂತಿಲ್ಲ ತಾನೇ ಎಂದು ಒಂದು ಸಲ ನೋಡಿ ಎಂದಿದ್ದರು ಸುಮೇಧಾ ಮೇಡಂ. ಅವನು ಬೆಳಗ್ಗೆಯಿಂದ ಅದನ್ನೇ ಮಾಡುತ್ತಿದ್ದ. ಮುಳಬಾಗಿಲು ಮುಗಿಸಿ ಶ್ರೀನಿವಾಸಪುರಕ್ಕೆ ಬಂದು, ಎಸ್ ಹದಿನೇಳು ಎಂಬ ಗುರುತನ್ನು ಒತ್ತಿದಾಗ ಚಿತ್ರ ತಾನಾಗಿ ಜಾರಿ ರಾಯಲ್ಪಾಡಿನಿಂದಾಚೆ ಒಂದು ಮಾವಿನ ತೋಪಿನ ಮೇಲೆ ನಿಂತಿತು. ಕಡುಹಸಿರಿನ ನಡುವೆ ಒಂದೇ ಒಂದು ಮನೆ. ಪಕ್ಕದಲ್ಲಿ ದುಂಡನೆಯ ಬಾವಿ. ಬಾವಿಯ ಮಗ್ಗುಲಿಗೆ ಮೂಲೆ ತಿರುಗಿದ ತಗಡಿನ ಶೆಡ್ಡು. ಹೋದ ತಿಂಗಳು ಆ ಶೆಡ್ಡಿನೊಳಗೆ ಎಲೆಯ ಮುಂದೆ ಕೂತು ಅವನು ಹೋಳಿಗೆ ತಿಂದಿದ್ದ. ಅವನ ಹೆಂಡತಿಯ ತಂಗಿ ಧನಶ್ರೀಯ ನಿಶ್ಚಿತಾರ್ಥದ ಊಟ ಅದು.

ಕೋಲಾರದ ಆ ಎರಡು ಕೋಣೆಯ ಕಚೇರಿ ಎಚ್‌ಐವಿ ಇದ್ದವರನ್ನು ನೋಡಿಕೊಳ್ಳುವ ಒಂದು ಸಂಸ್ಥೆಯದು. ಜಿಲ್ಲಾ ಆಸ್ಪತ್ರೆಗೆ ಮಾತ್ರೆಗೆಂದು ಬರುವವರು ಯಾವುದಾದರೂ ತಿಂಗಳು ಬರದೆ ಹೋದರೆ ಅವರ ಮನೆಗೇ ಹೋಗಿ ಮಾತ್ರೆ ಮುಟ್ಟಿಸಿ ಧೈರ್ಯ ಹೇಳಿ ಬರುವುದು ಅದರ ಕೆಲಸ. ಊರೂರು ಸುತ್ತುತ್ತಿದ್ದವಳು ಮುನಿಯಲ್ಲಮ್ಮ. ಮೊದಮೊದಲು ಅವಳು ಟೀ ಅಂಗಡಿಯಲ್ಲೋ ಕೊಳಾಯಿಯ ಹತ್ತಿರವೋ ಮನೆ ಎಲ್ಲಿ ಎಂದು ವಿಚಾರಿಸುತ್ತಿದ್ದಳು. ಹಾಗೆ ವಿಚಾರಿಸಿದ್ದರಿಂದಲೇ ಊರಿಗೆ ಕಾಯಿಲೆಯ ಸುದ್ದಿ ತಿಳಿದು ಮಾಲೂರಿನ ಕಡೆ ಒಂದು ಮನೆಗೆ ಕೊಳಾಯಿಯ ನೀರು ತಪ್ಪಿತು. ಆಮೇಲೆ ಮೇಡಂ ಯಾರನ್ನೋ ಹಿಡಿದು ಈ ಯಂತ್ರ ತರಿಸಿದರು. ಒಂದು ಸಲ ಮನೆಯ ಮುಂದೆ ನಿಂತು ಗುಂಡಿ ಒತ್ತಿದರೆ ಸಾಕು, ಮುಂದಿನ ಸಲ ಯಾರನ್ನೂ ಕೇಳಬೇಕಾಗಿಲ್ಲ. ಗುರುತಿಗೆ ಹೆಸರಿಲ್ಲ, ತಾಲೂಕಿನ ಅಕ್ಷರ ಮತ್ತು ಒಂದು ನಂಬರು ಮಾತ್ರ. ಹೆಸರುಗಳಿರುವುದು ಮೇಡಂ ಕೋಣೆಯ ಬೀರುವಿನಲ್ಲಿ. ಚನ್ನರಾಯಪ್ಪನಿಗೆ ಗೊತ್ತಿದ್ದದ್ದು ನಂಬರು ಅಷ್ಟೇ. ಅದರಲ್ಲೇ ಅವನಿಗೆ ನೆಮ್ಮದಿಯಿತ್ತು. ಎಷ್ಟೋ ಮಂದಿಯ ಸಂಕಟದ ನಡುವೆ ಕೂತಿದ್ದೂ ಒಬ್ಬರ ಮುಖವನ್ನೂ ನೋಡದೆ ಸಂಬಳ ತೆಗೆದುಕೊಂಡು ಮನೆಗೆ ಹೋಗಬಹುದಾಗಿತ್ತು.

ಯಾರು? ಆ ಮನೆಯಲ್ಲಿ ಇರುವವರು ಗಂಡು ನರಸಿಂಹ, ಅವನ ತಾಯಿ, ತೀರಿಕೊಂಡ ಅಣ್ಣನ ಹೆಂಡತಿ ಮುನಿಗಂಗಮ್ಮ. ಅಣ್ಣ ಲಾರಿ ಓಡಿಸುತ್ತಿದ್ದನಂತೆ, ಚಿತ್ತೂರಿನ ಹತ್ತಿರ ಆಕ್ಸಿಡೆಂಟಿನಲ್ಲಿ ಹೋದನಂತೆ. ಮಾವ ಮುನಿಕೃಷ್ಣಪ್ಪ ಸಂಬಂಧ ಕುದುರಿಸುವಾಗ ಅದನ್ನೂ ಒಂದು ಅನುಕೂಲವೆಂಬಂತೆ ಹೇಳಿದ್ದರು, ತೋಪಿಗೆ ಇನ್ನು ಪಾಲುದಾರರಿಲ್ಲ ಎಂದು. ಯಂತ್ರ ಸ್ವಲ್ಪ ಆಚೀಚೆ ತೋರಿಸುತ್ತದೆ, ಪಕ್ಕದ ಮನೆಯದಿರಬಹುದು ಎಂದುಕೊಂಡ. ಪಕ್ಕದಲ್ಲಿ ಮನೆಯೇ ಇರಲಿಲ್ಲ. ನಿಶ್ಚಿತಾರ್ಥದ ದಿನ ತನ್ನನ್ನು ಅವರಿಗೆ ಪರಿಚಯಿಸಿದ ರೀತಿ ನೆನಪಾಯಿತು. ನೀವೆಲ್ಲಿ ಕೆಲಸ ಎಂದು ಯಾರೋ ಕೇಳಿದಾಗ ಅವನು ಬಾಯಿ ತೆರೆಯುವ ಮೊದಲೇ ಹೆಂಡತಿ ಆದಿಲಕ್ಷ್ಮಿ, 'ಸರ್ಕಾರಿ ಆಸ್ಪತ್ರೇಲಿ, ಕಂಪ್ಯೂಟರ್ ಸೆಕ್ಷನ್ನು' ಎಂದುಬಿಟ್ಟಿದ್ದಳು. ಮಾವ ಬೇರೆ ಕಡೆ ನೋಡುತ್ತ ಎಲೆಯಡಿಕೆ ಮಡಚಿದ್ದರು. ಊಟವಾದ ಮೇಲೆ ಹಿತ್ತಿಲಲ್ಲಿ ಕೈಗೆ ನೀರು ಹಾಕಿದವಳು ಮುನಿಗಂಗಮ್ಮ. ವಿಧವೆ ಎಂದು ಶಾಸ್ತ್ರದ ಕಡೆ ಸುಳಿಯದೆ ಬೆಳಗ್ಗೆಯಿಂದ ಹಿತ್ತಿಲಲ್ಲೇ ಇದ್ದಳೆಂದು ಕಾಣುತ್ತದೆ. ಚೊಂಬು ಬಗ್ಗಿಸುತ್ತಲೇ, 'ಅಣ್ಣಾ, ನೀವು ಕೋಲಾರದಾಗೇ ಅಲ್ವಾ ಇರೋದು?' ಎಂದಿದ್ದಳು. ಹೌದಮ್ಮ ಎಂದಿದ್ದ. ಮತ್ತೇನೋ ಹೇಳುವವಳಂತೆ ನಿಂತು, ಅವನು ಟವೆಲ್ಲಿಗೆ ಕೈ ಒರೆಸಿಕೊಂಡು ತಿರುಗುವಷ್ಟರಲ್ಲಿ ಒಳಗೆ ಹೋಗಿದ್ದಳು. ಆಗ ಅದು ಒಂದು ಮಾತೆಂದೇ ಅವನಿಗೆ ಅನ್ನಿಸಿರಲಿಲ್ಲ. ಈಗ ಅದನ್ನು ಎಷ್ಟು ಸಲ ತಿರುಗಿಸಿ ನೋಡಿದರೂ ಒಂದು ಸಲ ಅವಳ ಮುಖ ಬರುತ್ತಿತ್ತು, ಇನ್ನೊಂದು ಸಲ ಅವಳ ಹಿಂದೆ ಬಾವಿಕಟ್ಟೆಯ ಮೇಲೆ ಕೂತು ನಗುತ್ತಿದ್ದ ನರಸಿಂಹನ ಮುಖ. ಬಿಳಿ ಷರಟಿನೊಳಗೆ ಅವನ ಕೊರಳಿನ ಮೂಳೆ ಎದ್ದು ಕಾಣುತ್ತಿತ್ತಲ್ಲವೇ? ಅಥವಾ ಈಗ ತಾನು ಹಾಗೆ ಕಲ್ಪಿಸಿಕೊಳ್ಳುತ್ತಿದ್ದೇನೆಯೇ?

ಯಂತ್ರಕ್ಕೆ ಕೇಬಲ್ಲು ಸಿಕ್ಕಿಸಿದ. ಯಾವ ಯಾವ ಗುರುತುಗಳನ್ನು ಕಳಿಸಬೇಕು ಎಂದು ಕಂಪ್ಯೂಟರು ಕೇಳಿತು. ಪ್ರತಿಯೊಂದರ ಪಕ್ಕಕ್ಕೂ ಒಂದು ಸಣ್ಣ ಚೌಕ, ಚೌಕದೊಳಗೆ ಟಿಕ್ಕು. ಹದಿನೇಳರ ಟಿಕ್ಕನ್ನು ತೆಗೆದ. ತೆಗೆದಾಗ ಏನೂ ಆಗಲಿಲ್ಲ. ಒಂದು ಮನೆ ಜಿಲ್ಲೆಯಿಂದಲೇ ಎದ್ದುಹೋಗುವುದಕ್ಕೆ ಇಷ್ಟೇ ಸಾಕು ಎಂದುಕೊಂಡ. ಆಮೇಲೆ ಆ ಮನೆಯಲ್ಲಿ ಯಾರೋ ಒಬ್ಬರು ಮಾತ್ರೆಯಿಲ್ಲದೆ ಮಲಗಿರುವುದು ಕಣ್ಣಿಗೆ ಬಂತು. ಮತ್ತೆ ಟಿಕ್ಕು ಹಾಕಿದ. ಧನಶ್ರೀ ಕಂಡಳು. ಹೋಳೂರಿನ ಶಿಶುವಿಹಾರದಲ್ಲಿ ಪಾಠ ಹೇಳುವ ಹುಡುಗಿ. ಎರಡು ವರ್ಷದ ಹಿಂದೆ ಒಂದು ಸಂಬಂಧ ಕಾರಣವಿಲ್ಲದೆ ತಪ್ಪಿಹೋದ ಮೇಲೆ ಬೀದಿಯಲ್ಲಿ ತಲೆಯೆತ್ತಿ ನಡೆಯುವುದನ್ನೇ ಬಿಟ್ಟಿದ್ದವಳು ಈ ನಿಶ್ಚಿತಾರ್ಥದಿಂದ ಈಚೆಗೆ ಫೋನಿನಲ್ಲಿ 'ಭಾವ, ಊಟ ಆಯ್ತಾ' ಎಂದು ಕೇಳುವಾಗಲೂ ನಗುತ್ತಿದ್ದಳು. ಮತ್ತೆ ಟಿಕ್ಕು ತೆಗೆದ. ಕೇಬಲ್ಲು ಸರಿಯಾಗಿ ಕೂತಿರಲಿಲ್ಲವೋ ಏನೋ, ಯಂತ್ರ ಸಿಗುತ್ತಿಲ್ಲ ಎಂದು ಕಂಪ್ಯೂಟರು ಹೇಳಿತು. ಆ ಸಣ್ಣ ತಡೆಯಿಂದ ಅವನಿಗೆ ಎಷ್ಟು ಹಾಯೆನಿಸಿತೆಂದರೆ ತನ್ನ ಬಗ್ಗೆಯೇ ಅಸಹ್ಯವಾಯಿತು.

ಅಷ್ಟರಲ್ಲಿ ಸುಮೇಧಾ ಮೇಡಂ ಬಾಗಿಲಿಗೆ ಬಂದು ನಿಂತರು. ಮುಳಬಾಗಿಲಿನ ಮಠದ ಬೀದಿಯವರು, ದನಿ ಎತ್ತಿ ಮಾತಾಡಿದವರಲ್ಲ.

'ಚನ್ನರಾಯಪ್ಪ, ಮುನಿಯಲ್ಲಮ್ಮಂಗೆ ಟೈಫಾಯ್ಡಂತೆ. ನಾಳೆ ಶ್ರೀನಿವಾಸಪುರದ ಕಡೆ ನೀವೇ ಹೋಗ್ಬರ್ಬೇಕಾಗತ್ತೆ. ಆ ಮಿಷನ್ ನೋಡೋಕೆ ಬೇರೆ ಯಾರಿಗೂ ಬರಲ್ಲ. ಮೂರೇ ಮನೆ.'

'ಯಾವ್ಯಾವು ಮೇಡಂ?'

ಅವರು ಹೇಳಿದ ಮೂರರಲ್ಲಿ ಹದಿನೇಳೂ ಇತ್ತು. 'ಕವರ್ ಅಂಟಿಸಿ ಕೊಟ್ಟಿರ್ತೀನಿ. ಯಾರು ನಂಬರ್ ಹೇಳ್ತಾರೋ ಅವ್ರ ಕೈಗೆ ಮಾತ್ರ ಕೊಡಿ. ಒಬ್ರನ್ನೇ ಪಕ್ಕಕ್ಕೆ ಕರೆದು, ಮೆತ್ತಗೆ. ಮನೆಯವರ ಮುಂದೆ ಬೇಡ. ನಿಮಗೆ ಗೊತ್ತಿರೋ ಮನೆ ಯಾವುದಾದ್ರೂ ಇದ್ರೆ ಈಗ್ಲೇ ಹೇಳ್ಬಿಡಿ, ಬೇರೆ ವ್ಯವಸ್ಥೆ ಮಾಡ್ತೀನಿ.'

ಹೇಳಬೇಕಾಗಿದ್ದ ಗಳಿಗೆ ಅದು. ಗೊತ್ತಿದೆ ಮೇಡಂ, ನಮ್ಮ ಬೀಗರಾಗುವವರು ಎಂದಿದ್ದರೆ ಮುಗಿದುಹೋಗುತ್ತಿತ್ತು, ಅವರು ತಾವೇ ಹೋಗುತ್ತಿದ್ದರೇನೋ. ಬಾಯಿಯವರೆಗೆ ಬಂದ ಮಾತು ಅಲ್ಲಿಯೇ ನಿಂತಿತು. ಸಂಕೋಚ ಎಂದು ಅವನು ತನಗೆ ತಾನೇ ಹೇಳಿಕೊಂಡ. ಆದರೆ ಸಂಕೋಚವಲ್ಲ ಎಂಬುದು ಅವನಿಗೆ ಗೊತ್ತಿತ್ತು. ಆ ಕವರಿಗೆ ಯಾರ ಕೈ ಮುಂದೆ ಬರುತ್ತದೆ ಎಂದು ಅವನು ನೋಡಬೇಕಾಗಿತ್ತು. 'ಯಾವುದೂ ಇಲ್ಲ ಮೇಡಂ' ಎಂದ. ಅವರು ಹೋದ ಮೇಲೆ ಕೇಬಲ್ಲನ್ನು ಒತ್ತಿ ಕೂರಿಸಿ, ಹದಿನೇಳರ ಚೌಕಕ್ಕೆ ಟಿಕ್ಕು ಹಾಕಿ, ಕಳಿಸುವ ಗುಂಡಿ ಒತ್ತಿದ. ಪರದೆಯ ಮೇಲೆ ಒಂದು ಹಸಿರು ಪಟ್ಟಿ ನಿಧಾನವಾಗಿ ತುಂಬಿತು. ಯಂತ್ರ ಒಮ್ಮೆ ಕೀಂ ಎಂದಿತು. ಇಡೀ ಜಿಲ್ಲೆಯಲ್ಲಿ ಈ ಯಂತ್ರದ ಸಹಾಯವಿಲ್ಲದೆ ತಾನು ಹೋಗಬಹುದಾದ ಮನೆಯೊಂದಿದ್ದರೆ ಅದು ಇದೇ ಎಂದು ಹೊಳೆದದ್ದು ಆಮೇಲೆ.

ಮಾರನೆಯ ದಿನ ಜೀಪಿನಲ್ಲಿ ಡ್ರೈವರ್ ಕದಿರಪ್ಪ ದಾರಿಯುದ್ದಕ್ಕೂ ಮಾವಿನ ಫಸಲಿನ ಮಾತಾಡುತ್ತಿದ್ದ. ಮೊದಲ ಎರಡು ಮನೆಗಳ ಕೆಲಸ ಸಲೀಸಾಗಿ ಮುಗಿಯಿತು. ಒಂದು ಕಡೆ ಮುದುಕಿ, ಇನ್ನೊಂದು ಕಡೆ ಟೊಮೆಟೊ ತೋಟದಲ್ಲಿ ಹಗ್ಗ ಕಟ್ಟುತ್ತಿದ್ದ ಗಂಡಸು. ಇಬ್ಬರೂ ಕಿವಿಯಲ್ಲಿ ಉಸುರುವಂತೆ ನಂಬರು ಹೇಳಿ, ಕವರನ್ನು ಸೆರಗಿಗೂ ಜೇಬಿಗೂ ಸೇರಿಸಿದರು. ಆ ಮುದುಕಿ ಅವನ ತೋಳನ್ನು ಮುಟ್ಟಿದಾಗ, ತಾನು ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಎಂದು ಅವನಿಗೆ ಮೊದಲ ಸಲ ಅನಿಸಿತು. ರಾಯಲ್ಪಾಡು ದಾಟಿದ ಮೇಲೆ ಅಂಗೈಯಲ್ಲಿದ್ದ ಯಂತ್ರದ ಬಾಣ ಎಡಕ್ಕೆ ತಿರುಗಿತು. 'ಎಡಕ್ಕಾ ಸಾರ್?' ಎಂದ ಕದಿರಪ್ಪ. 'ಬಾಣ ಹಂಗೇ ತೋರಿಸ್ತಿದೆ' ಎಂದ, ತನಗೆ ಆ ದಾರಿ ಗೊತ್ತೇ ಇಲ್ಲದವನ ಹಾಗೆ. ತೋಪಿನೊಳಗೆ ಕೆಂಪು ಧೂಳಿನ ಹಾದಿ. ಎರಡೂ ಕಡೆ ಕೊಂಬೆಗಳು ಕಾಯಿಯ ಭಾರಕ್ಕೆ ನೆಲ ಮುಟ್ಟುವಂತೆ ಬಾಗಿದ್ದವು. ಈಗಲೂ ಹಿಂದಕ್ಕೆ ತಿರುಗಿಸು ಎನ್ನಬಹುದು ಎಂದುಕೊಳ್ಳುತ್ತಿರುವಾಗಲೇ ಯಂತ್ರ ಕೀಂ ಎಂದಿತು.

ಶೆಡ್ಡಿನಲ್ಲಿ ಕಾಯಿ ವಿಂಗಡಿಸುತ್ತಿದ್ದ ನರಸಿಂಹ ಜೀಪಿನ ಸದ್ದಿಗೆ ಎದ್ದು ಬಂದ. ಬರುವಾಗ ಅವನ ಕಣ್ಣು ಜೀಪಿನ ಮೇಲಿತ್ತು. ಇಳಿದವನು ಯಾರೆಂದು ಕಂಡದ್ದು ಹತ್ತಿರ ಬಂದ ಮೇಲೆ. ನಗು ಮುಖಕ್ಕೆ ಬಂತು, ಅಲ್ಲಿಯೇ ನಿಂತಿತು.

'ಬನ್ನಿ ಅಣ್ಣ' ಎಂದ. ಜೀಪಿನೊಳಗೆ ಇಣುಕಿ, 'ಮುನಿಯಲ್ಲಮ್ಮಕ್ಕ ಬರ್ಲಿಲ್ವಾ?'

'ಅವ್ರಿಗೆ ಜ್ವರ.'

ಜಗಲಿಯ ಮೇಲೆ ನರಸಿಂಹನ ತಾಯಿ ಕಣ್ಣಿಗೆ ಕೈ ಮರೆಮಾಡಿಕೊಂಡು, 'ಎವುರ್ರಾ?' ಎಂದು ತೆಲುಗಿನಲ್ಲಿ ಯಾರೆಂದು ಕೇಳಿದರು. ಚನ್ನರಾಯಪ್ಪ ಚೀಲದಿಂದ ಕವರನ್ನು ತೆಗೆದ. ತೆಗೆಯಬಾರದಾಗಿತ್ತು, ಒಳಗೆ ಹೋಗಿ ಕೂತು, ನೀರು ಕುಡಿದು, ಮುನಿಗಂಗಮ್ಮ ಕಂಡಾಗ ಹಿತ್ತಿಲ ಕಡೆ ಹೋಗಿ ಕೇಳಬಹುದಾಗಿತ್ತು. ಅದರ ಬದಲು ಅಂಗಳದ ನಡುವೆ ನಿಂತು, ಕಚೇರಿಯ ಒಣ ದನಿಯಲ್ಲಿ, 'ನಂಬರ್ ಹೇಳಿದವರ ಕೈಗೆ ಮಾತ್ರ ಕೊಡ್ಬೇಕು' ಎಂದ. ನರಸಿಂಹ ಇಸಿದುಕೊಳ್ಳುವುದಕ್ಕೆ ಕೈ ನೀಡಿದ್ದವನು ಹಾಗೆಯೇ ನಿಂತ. ಚನ್ನರಾಯಪ್ಪ ಆ ಕೈಯನ್ನು ನೋಡಿದ. ಮಾವಿನ ಸೊನೆ ತಾಗಿ ಕಪ್ಪಾದ ಬೆರಳುಗಳು, ಮಣಿಕಟ್ಟಿನಲ್ಲಿ ನಿಶ್ಚಿತಾರ್ಥಕ್ಕೆ ಮಾವ ಕೊಟ್ಟ ಗಡಿಯಾರ. ಅವನು ಹೇಗೆ ನೋಡಿದನೋ, ಆ ನೋಟ ಏನೆಂದು ನರಸಿಂಹನಿಗೆ ತಿಳಿದುಹೋಯಿತು. ಕೈಯನ್ನು ಹಿಂದಕ್ಕೆಳೆದು ಪಂಚೆಗೆ ಒರೆಸಿಕೊಂಡ.

'ವದಿನಾ' ಎಂದು ಅತ್ತಿಗೆಯನ್ನು ಕೂಗಿದ.

ಮುನಿಗಂಗಮ್ಮ ಒಳಗಿಂದ ಬಂದಳು. ಅತ್ತೆಯ ಮುಂದೆ, ಮೈದುನನ ಮುಂದೆ, ಜೀಪಿಗೆ ಒರಗಿ ಬೀಡಿ ಹಚ್ಚುತ್ತಿದ್ದ ಕದಿರಪ್ಪನ ಮುಂದೆ, ತರಗತಿಯಲ್ಲಿ ಹಾಜರಿ ಹೇಳುವ ಹುಡುಗಿಯಂತೆ ತಲೆ ತಗ್ಗಿಸಿ ನಂಬರು ಹೇಳಿದಳು. ಎರಡು ಕೈಯಲ್ಲೂ ಕವರು ತೆಗೆದುಕೊಂಡಳು. 'ಅವತ್ತು ಕೈಗೆ ನೀರು ಹಾಕ್ದಾಗ್ಲೇ ಹೇಳೋಣಾಂತಿದ್ದೆ ಅಣ್ಣಾ. ನಿಮ್ಮನ್ನ ಆಸ್ಪತ್ರೆ ತಾವ ನೋಡಿದ್ದೆ. ನೀವು ನೋಡಿರ್ಲಿಲ್ಲ' ಎಂದಳು. ಚನ್ನರಾಯಪ್ಪನ ಎದೆಯಿಂದ ಒಂದು ಭಾರ ಇಳಿಯಿತು. ಇವಳೇ. ಅವನಲ್ಲ, ಇವಳೇ. ಆ ಸಂತೋಷ ಮೈತುಂಬ ಹರಡುತ್ತಿರುವಾಗಲೇ ಅವಳು ತಲೆಯೆತ್ತಿ ಅವನನ್ನು ನೋಡಿದಳು. ತನ್ನ ಕಾಯಿಲೆಯಿಂದ ಸಂತೋಷಪಡುತ್ತಿರುವ ಮುಖವನ್ನು ಅವಳು ನೋಡುತ್ತಿದ್ದಾಳೆಂದು ಅರಿವಾಗಿ ಅವನು ಬಾವಿಯ ಕಡೆ ತಿರುಗಿಕೊಂಡ.

ನರಸಿಂಹನ ತಾಯಿ ಕಾಫಿ ಕುಡಿದೇ ಹೋಗಬೇಕೆಂದು ಹಟ ಹಿಡಿದರು. ಸ್ಟೀಲಿನ ಲೋಟ ತಂದವಳೂ ಮುನಿಗಂಗಮ್ಮನೇ. ಲೋಟದಿಂದ, ತಟ್ಟೆಯಿಂದ, ಮುಟ್ಟುವುದರಿಂದ ಇದು ಹರಡುವುದಿಲ್ಲ ಎಂಬ ಹಾಳೆಯನ್ನು ಕನ್ನಡದಲ್ಲೂ ತೆಲುಗಿನಲ್ಲೂ ಟೈಪು ಮಾಡಿದವನು ಅವನು. ಅಕ್ಷರದ ತಪ್ಪು ತಿದ್ದಿ, ದಪ್ಪಕ್ಷರ ಮಾಡಿ, ಸಾವಿರಗಟ್ಟಲೆ ಅಚ್ಚು ಹಾಕಿಸಿದವನು. ಆದರೂ ಲೋಟಕ್ಕೆ ನೀಡಿದ ಕೈ ಅರೆಗಳಿಗೆ ಗಾಳಿಯಲ್ಲಿ ತಡೆಯಿತು. ಬರೀ ಅರೆಗಳಿಗೆ. ಆಮೇಲೆ ತೆಗೆದುಕೊಂಡು, ಬಾಯಿ ಸುಡುತ್ತಿದ್ದರೂ ಒಂದೇ ಉಸಿರಿಗೆ ಕುಡಿದು, ಚೆನ್ನಾಗಿದೆಯಮ್ಮ ಎಂದೂ ಹೇಳಿದ. ಆದರೆ ಆ ತಡೆದದ್ದನ್ನು ಮೂವರೂ ನೋಡಿದ್ದರು.

ನರಸಿಂಹ ಜೀಪಿನವರೆಗೆ ಬಂದ. ಕದಿರಪ್ಪ ದೂರದಲ್ಲಿರುವುದನ್ನು ನೋಡಿಕೊಂಡು, 'ನಮ್ಮಣ್ಣ ಹೋಗಿದ್ದು ಆಕ್ಸಿಡೆಂಟಲ್ಲಿ ಅಲ್ಲ. ನಿಮಗೆ ಈಗ ಗೊತ್ತಾಗಿರ್ತದೆ. ನಾನೂ ಟೆಸ್ಟ್ ಮಾಡ್ಸಿದೀನಿ, ಏನೂ ಇಲ್ಲ. ಬೇಕಾದ್ರೆ ಚೀಟಿ ತೋರಿಸ್ತೀನಿ' ಎಂದ.

'ಬೇಡಪ್ಪ.'

'ವದಿನನ್ನ ಅವರ ತೌರಲ್ಲಿ ಸೇರಿಸಲ್ಲ. ನಾವೂ ಕಳಿಸ್ದ್ರೆ ಎಲ್ಲಿಗೆ ಹೋಗ್ತಾರೆ? ಮದುವೆ ಆದ್ಮೇಲೆ ಧನಶ್ರೀಗೆ ನಾನೇ ನಿಧಾನವಾಗಿ ಹೇಳೋಣಾಂತಿದ್ದೆ.' ಜೀಪಿನ ಬಾಗಿಲ ಮೇಲೆ ಕೈಯಿಟ್ಟು, 'ಮನೇಲಿ ಹೇಳ್ತೀರಾ?'

'ಹೇಳಲ್ಲ. ಹೇಳೋ ಹಂಗಿಲ್ಲ' ಎಂದ ಚನ್ನರಾಯಪ್ಪ. ಮೊದಲನೆಯ ಮಾತು ಸಾಕಾಗಿತ್ತು. ಎರಡನೆಯದರಿಂದ ಅದು ಭಾಷೆಯಾಗದೆ ನಿಯಮವಾಯಿತು. ನರಸಿಂಹ ತಲೆಯಾಡಿಸಿದ ರೀತಿಯಲ್ಲೇ ಅವನು ನಂಬಲಿಲ್ಲವೆಂಬುದು ಗೊತ್ತಾಗುತ್ತಿತ್ತು. ಇವತ್ತು ಹೇಳದಿದ್ದರೆ ನಾಳೆ ಹೇಳುತ್ತಾನೆ, ಹೆಂಡತಿಗೆ ಹೇಳದೆ ಯಾವ ಗಂಡಸು ಇದ್ದಾನೆ? ಅವನ ಜಾಗದಲ್ಲಿ ತಾನಿದ್ದರೂ ಹಾಗೆಯೇ ಯೋಚಿಸುತ್ತಿದ್ದೆ ಎಂದು ಜೀಪು ತೋಪು ದಾಟುವಾಗ ಚನ್ನರಾಯಪ್ಪನಿಗೆ ಅನ್ನಿಸಿತು.

ಮನೆಯಲ್ಲಿ ಅವನು ಹೇಳಲಿಲ್ಲ. ಆದಿಲಕ್ಷ್ಮಿ ಮದುವೆಗೆಂದು ತಂದ ಸೀರೆಗಳನ್ನು ಮಂಚದ ಮೇಲೆ ಹರಡಿ ಯಾವುದು ಧನಶ್ರೀಗೆ ಒಪ್ಪುತ್ತದೆ ಎಂದು ಕೇಳಿದಾಗ ಹಸಿರು ಎಂದ. ಹೇಳಿದರೆ ಒಬ್ಬ ಹೆಂಗಸು ಬೀದಿಗೆ ಬೀಳುತ್ತಾಳೆ. ಹೇಳದಿದ್ದರೆ, ತನ್ನ ಮನೆಯ ಹುಡುಗಿ ಏನೂ ತಿಳಿಯದೆ ಆ ಮನೆಯ ಹೊಸಿಲು ತುಳಿಯುತ್ತಾಳೆ. ತುಳಿದರೆ ಅವಳಿಗೇನೂ ಆಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ತನ್ನ ಕೈ ತಡೆದಿತ್ತಲ್ಲ. ವಾರ ಕಳೆಯುವುದರೊಳಗೆ ಅವನು ಹೇಳಬೇಕೋ ಬೇಡವೋ ಎಂಬ ಪ್ರಶ್ನೆಯೇ ಉಳಿಯಲಿಲ್ಲ. ರಾಯಲ್ಪಾಡಿನಿಂದ ಮುನಿಕೃಷ್ಣಪ್ಪನವರಿಗೆ ಫೋನು ಬಂತು. ಜಾತಕವನ್ನು ಇನ್ನೊಬ್ಬರಿಗೆ ತೋರಿಸಿದ್ದಾರಂತೆ, ಹುಡುಗಿಗೆ ಸರ್ಪದೋಷವಿದೆಯಂತೆ, ಗಂಡನಿಗೆ ಕಂಟಕವಂತೆ, ಕ್ಷಮಿಸಬೇಕಂತೆ. ಗುಟ್ಟು ತಿಳಿದು ಇವರು ಬಿಡುವ ಮೊದಲು ತಾವೇ ಬಿಟ್ಟರೆಂಬುದು ಚನ್ನರಾಯಪ್ಪನಿಗೊಬ್ಬನಿಗೆ ಗೊತ್ತಾಯಿತು.

ಭಾನುವಾರ ಮಧ್ಯಾಹ್ನ ಅವನೂ ಆದಿಲಕ್ಷ್ಮಿಯೂ ಹೋಳೂರಿಗೆ, ಮಾವನ ಮನೆಗೆ ಹೋದರು. ನಡುಮನೆಯಲ್ಲಿ ಧನಶ್ರೀ ಕಂಬಕ್ಕೆ ಒರಗಿ ಕೂತಿದ್ದಳು. ಎರಡು ದಿನದಿಂದ ಶಿಶುವಿಹಾರಕ್ಕೆ ಹೋಗಿಲ್ಲವೆಂದು ಅತ್ತೆ ಹೇಳಿದರು. ಮಕ್ಕಳ ತಾಯಂದಿರು ಬಾಗಿಲಲ್ಲಿ ನಿಂತು ಏನೇನೋ ಕೇಳುತ್ತಾರಂತೆ. ಎರಡನೇ ಸಲ ಅಲ್ಲವೇ, ಏನೋ ಇದ್ದೇ ಇರಬೇಕು ಎನ್ನುತ್ತಾರಂತೆ. 'ಯಾವ ಹಾವನ್ನ ಯಾವಾಗ ಕೊಂದೆನೋ' ಎಂದು ಧನಶ್ರೀ ನೆಲ ನೋಡುತ್ತ ಹೇಳಿದಳು. ಮಾವ ಮಾತ್ರ ಅವನನ್ನೇ ನೋಡುತ್ತಿದ್ದರು.

'ಏನಪ್ಪಾ, ನೀನು ಅವ್ರ ಮನೇಗೆ ಹೋಗಿದ್ದಂತೆ. ಬುಧವಾರ. ಜೀಪಲ್ಲಿ. ರಾಯಲ್ಪಾಡಿನವ್ರು ಸಂತೇಲಿ ಸಿಕ್ಕಿ ಹೇಳಿದ್ರು.'

ಆದಿಲಕ್ಷ್ಮಿ ಗಂಡನ ಕಡೆ ತಿರುಗಿದಳು. 'ಹೌದಾ? ನನಗೆ ಹೇಳ್ಲೇ ಇಲ್ಲ.'

'ಆಫೀಸ್ ಕೆಲ್ಸದ ಮೇಲೆ ಆ ಕಡೆ ಹೋಗಿದ್ದೆ.'

'ಅವ್ರ ಮನೇಲಿ ನಿನ್ನ ಆಫೀಸಿಗೇನಪ್ಪಾ ಕೆಲಸ?' ಎಂದರು ಮಾವ.

ಒಂದು ವಾಕ್ಯ ಸಾಕಾಗಿತ್ತು. ಹುಡುಗಿಯ ಜಾತಕದಲ್ಲಿ ಏನೂ ಇಲ್ಲ, ಅವರ ಮನೆಯಲ್ಲಿದೆ ಎಂದರೆ ಸಾಕು, ಈ ಕಂಬಕ್ಕೆ ಒರಗಿದ ಹುಡುಗಿ ಎದ್ದು ಮುಖ ತೊಳೆದುಕೊಳ್ಳುತ್ತಾಳೆ. ಸಂಜೆಯೊಳಗೆ ಹೋಳೂರು, ನಾಳೆಯೊಳಗೆ ರಾಯಲ್ಪಾಡು, ಆಮೇಲೆ ಆ ತೋಪಿನ ಕಾಯಿಯನ್ನು ಯಾರೂ ಮುಟ್ಟುವುದಿಲ್ಲ, ಆ ಹೆಂಗಸು ಬಾವಿಯ ಕಟ್ಟೆಯ ಮೇಲೆ ಕೂತಿರುತ್ತಾಳೆ. ಅವನು ಸುಮ್ಮನಿದ್ದ. ಸುಮ್ಮನಿದ್ದಷ್ಟೂ ನಡುಮನೆಯ ಮುಖಗಳು ಒಂದೊಂದಾಗಿ ಅವನ ಕಡೆ ತಿರುಗಿದವು. ಅವನ ಮೌನವೇ ಒಪ್ಪಿಗೆಯಾಗುತ್ತಿರುವುದು ಅವನಿಗೇ ಕಾಣುತ್ತಿತ್ತು. ಮೇಡಂ ಬಾಗಿಲಲ್ಲಿ ನಿಂತು ಕೇಳಿದಾಗ ತಾನು ಇಲ್ಲ ಎಂದದ್ದು, ಅಂಗಳದ ನಡುವೆ ಕವರು ಹಿಡಿದು ನಿಂತದ್ದು, ಲೋಟದ ಮುಂದೆ ತಡೆದ ಕೈ ಎಲ್ಲ ಒಟ್ಟಿಗೆ ಬಂದವು.

'ನಾನೇ ಕೆಡಿಸ್ದೆ ಮಾವ' ಎಂದ. 'ಹೋಗಿದ್ದಾಗ ಮಾತಿಗೆ ಮಾತು ಬೆಳೀತು. ಆ ಹುಡುಗನ ಮೇಲೆ ನನಗೆ ಮೊದ್ಲಿಂದ್ಲೂ ಮನಸ್ಸಿರ್ಲಿಲ್ಲ. ಅವನ ಕೈಯಿಂದ ಏನೂ ಈಸ್ಕೊಳ್ಳಲ್ಲ ಅಂದೆ. ಅವಮಾನ ಮಾಡ್ದೆ. ಅದಕ್ಕೇ ಬಿಟ್ಟಿದಾರೆ. ಜಾತಕ ಅಂತ ಸುಮ್ಮನೆ ಹೇಳ್ತಿದಾರೆ.'

ಸುಳ್ಳು ಹೇಳುತ್ತಿದ್ದೇನೆಯೇ ನಿಜ ಹೇಳುತ್ತಿದ್ದೇನೆಯೇ ಎಂದು ಹೇಳುತ್ತಿರುವಾಗಲೇ ಅವನಿಗೆ ಗೊಂದಲವಾಯಿತು. ಮಾವ ಎದ್ದು ನಿಂತರು. ಕೈ ಎತ್ತಲಿಲ್ಲ. 'ಎದ್ದೇಳು' ಎಂದರು, ಅಷ್ಟೇ. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಆದಿಲಕ್ಷ್ಮಿ ಅವನನ್ನು ಎಷ್ಟೋ ಹೊತ್ತು ನೋಡಿ, ಗುರುತು ಸಿಗದವಳಂತೆ, ಜರುಗಿ ತಂಗಿಯ ಪಕ್ಕಕ್ಕೆ ಹೋಗಿ ಕೂತಳು. ಹದಿಮೂರು ವರ್ಷದ ಸಂಸಾರದಲ್ಲಿ ಅವಳು ಅವನನ್ನು ಹಾಗೆ ನೋಡಿರಲಿಲ್ಲ.

ಧನಶ್ರೀ ಕಂಬವನ್ನು ಬಿಟ್ಟು ಎದ್ದಳು. ಬೈಯುತ್ತಾಳೆಂದು ಅವನು ಕಾದ. ಬೈಯಲಿ ಎಂದೇ ಆಸೆಪಟ್ಟ. ಅವಳ ಮುಖ ಅತ್ತು ಅತ್ತು ಊದಿಕೊಂಡಿತ್ತು. ಆದರೆ ಕಣ್ಣಿನಲ್ಲಿ ಏನೋ ಸಡಿಲವಾಗಿತ್ತು.

'ಹಂಗಾದ್ರೆ ನನ್ನ ಜಾತಕದಲ್ಲಿ ಏನೂ ಇಲ್ಲ, ಅಲ್ವಾ ಭಾವ?'

'ಏನೂ ಇಲ್ಲಮ್ಮ.'

ಅವಳು ತಾಯಿಯ ಕಡೆ ತಿರುಗಿ, 'ಕೇಳಿದ್ಯೇನಮ್ಮ' ಎಂದಳು. ಆಮೇಲೆ ಅವನ ಕಡೆ ನೋಡಲೇ ಇಲ್ಲ. ಒಳಗೆ ಹೋದಳು. ಬಚ್ಚಲಿನಲ್ಲಿ ನೀರು ಮೊಗೆದುಕೊಳ್ಳುವ ಸದ್ದು ಕೇಳಿಸಿತು. ಚನ್ನರಾಯಪ್ಪ ಹೊರಗೆ ಬಂದು ಜಗಲಿಯ ಕೆಳಗೆ ಚಪ್ಪಲಿ ಹುಡುಕಿದ. ಎಡಗಾಲಿನದು ಒಂದು ಕಡೆ, ಬಲಗಾಲಿನದು ತೊಟ್ಟಿಯ ಹತ್ತಿರ ಬಿದ್ದಿತ್ತು. ಹೆಬ್ಬೆರಳು ಚಪ್ಪಲಿಯ ಉಂಗುಟದೊಳಗೆ ತೂರದೆ ಒದ್ದಾಡುತ್ತಿರುವಾಗ ಬೆನ್ನ ಹಿಂದೆ ಬಾಗಿಲಲ್ಲಿ ಎಲ್ಲರೂ ನಿಂತಿದ್ದಾರೆಂಬುದು ಅವನಿಗೆ ಗೊತ್ತಿತ್ತು. ಬಗ್ಗಿ ಕೈಯಲ್ಲೇ ಹಾಕಿಕೊಂಡ. ಆದಿಲಕ್ಷ್ಮಿ ಬರುತ್ತಾಳೇನೋ ಎಂದು ಬೀದಿಯ ತಿರುವಿನವರೆಗೂ ನಿಧಾನವಾಗಿ ನಡೆದ. ತಿರುವಿನಲ್ಲಿ ಒಂದು ಗಳಿಗೆ ನಿಂತ. ಹಿಂದೆ ಬೀದಿ ಖಾಲಿಯಾಗಿತ್ತು. ಎದುರಿಗೆ ಬಂದ ಊರಿನವರೊಬ್ಬರು, 'ಏನ್ ಅಳಿಯಂದ್ರು, ಇಷ್ಟ್ ಬೇಗ ಹೊರಟ್ರಿ?' ಎಂದರು. 'ಕೆಲಸ ಇತ್ತು' ಎಂದು ಹೇಳಿ ಅವನು ಬಸ್ಸು ನಿಲ್ಲುವ ಕಡೆ ಹೆಜ್ಜೆ ಹಾಕಿದ.